ಮಾವನವರ ಲೆನ್ಸ್, ನಿಲ್ಲದ ಮಗು

ಪ್ರಶ್ನೆ: ನಮ್ಮ ಮಗಳಿಗೆ ಈಗ ಎರಡು ವರ್ಷ ನಾಲ್ಕು ತಿಂಗಳು. ಮಾವನವರ ಹಳೆಯ ಝೆನಿಟ್ ಕ್ಯಾಮೆರಾದಲ್ಲಿದ್ದ ಹೀಲಿಯೊಸ್ 44-2 ಲೆನ್ಸನ್ನು ಅಡಾಪ್ಟರ್ ಮೂಲಕ ನನ್ನ ಎಪಿಎಸ್-ಸಿ (ಚಿತ್ರ ಹಿಡಿಯುವ ಸೆನ್ಸರ್ ಫಿಲ್ಮಿಗಿಂತ ಚಿಕ್ಕದಾಗಿರುವ) ಮಿರರ್‌ಲೆಸ್ ಕ್ಯಾಮೆರಾಕ್ಕೆ ಜೋಡಿಸಿಕೊಂಡಿದ್ದೇನೆ. ನೂರು ಚಿತ್ರ ತೆಗೆದರೆ ನಾಲ್ಕೈದರಲ್ಲಿ ಮಾತ್ರ ಮಗುವಿನ ಕಣ್ಣು ಸ್ಪಷ್ಟವಾಗಿ ಬರುತ್ತದೆ. ತೆಗೆಯುವಾಗ ಪರದೆಯ ಮೇಲೆ ಪೀಕಿಂಗಿನ (ಫೋಕಸ್ ಕೂತ ಅಂಚುಗಳನ್ನು ಬಣ್ಣದಲ್ಲಿ ತೋರಿಸುವ ಸೌಲಭ್ಯದ) ಕೆಂಪು ಗೆರೆಗಳು ಕಾಣುತ್ತವೆ; ಕಂಪ್ಯೂಟರಿನಲ್ಲಿ ನೋಡಿದರೆ ಕಣ್ಣು ಮಸುಕು, ಕಿವಿಯ ಓಲೆ ಸ್ಪಷ್ಟ. ಇದೇ ಲೆನ್ಸಿನಲ್ಲಿ ಮಾವನವರು ನಮ್ಮ ಯಜಮಾನರ ಬಾಲ್ಯದ ಚಿತ್ರಗಳನ್ನು ಎಷ್ಟು ಚೆನ್ನಾಗಿ ತೆಗೆದಿದ್ದಾರೆ! ಇದರ ಜೊತೆಗೆ ಸೂಪರ್ ಟಕುಮಾರ್ 50 ಮಿ.ಮೀ. ಎಫ್/1.4 ಲೆನ್ಸನ್ನೂ ಕೊಂಡೆ. ಅದರ ಗಾಜು ಹಳದಿಗಟ್ಟಿದೆ. ಅದು ವಿಕಿರಣ ಸೂಸುತ್ತದೆ, ಮಗುವಿರುವ ಮನೆಯಲ್ಲಿ ಇಡಬೇಡ ಎಂದು ನನ್ನ ತಮ್ಮ ಹೆದರಿಸುತ್ತಿದ್ದಾನೆ. ಹೀಲಿಯೊಸಿನ ಒಳಗೂ ಜೇಡರ ಬಲೆಯಂಥ ಎಳೆಗಳಿವೆ. ಬರುವ ವಿಜಯದಶಮಿಗೆ ಮಗಳ ಅಕ್ಷರಾಭ್ಯಾಸ. ಎರಡನ್ನೂ ಮಾರಿ ಆಟೊಫೋಕಸ್ ಲೆನ್ಸ್ ಕೊಳ್ಳುವುದೇ ಸರಿಯೆ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಹೆಣೆದುಕೊಂಡಿವೆ. ನಿಮ್ಮ ಕೈಗೆ ಫೋಕಸ್ ಒಲಿಯುತ್ತಿಲ್ಲ ಎಂಬುದು ಒಂದು, ಲೆನ್ಸೇ ಕೆಟ್ಟಿರಬಹುದು ಎಂಬುದು ಇನ್ನೊಂದು, ಮಗುವಿಗೆ ಅದರಿಂದ ತೊಂದರೆಯಾದೀತು ಎಂಬುದು ಮೂರನೆಯದು. ಮೊದಲನೆಯದರಲ್ಲಿ ನಿಮ್ಮ ತಪ್ಪು ಬಹಳ ಕಡಿಮೆ. ಎರಡನೆಯದನ್ನು ನೀವೇ ಒಂದು ಟಾರ್ಚ್ ಹಿಡಿದು ಪರೀಕ್ಷಿಸಬಹುದು. ಮೂರನೆಯದರಲ್ಲಿ ನಿಮ್ಮ ತಮ್ಮ ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಅವರು ಬೆರಳು ತೋರಿಸಿದ ಕಡೆ ಅಪಾಯವಿಲ್ಲ.

ಫೋಕಸಿನ ಲೆಕ್ಕದಿಂದಲೇ ಆರಂಭಿಸುತ್ತೇನೆ. 58 ಮಿ.ಮೀ. ಲೆನ್ಸನ್ನು ಎಪಿಎಸ್-ಸಿ ಕ್ಯಾಮೆರಾಕ್ಕೆ ಹಾಕಿ, ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಬಿಡುವ ರಂಧ್ರವನ್ನು; ಎಫ್ ಅಂಕಿ ಚಿಕ್ಕದಾದಷ್ಟೂ ರಂಧ್ರ ದೊಡ್ಡದು) ಎಫ್/2ಕ್ಕೆ ತೆರೆದು, ಒಂದೂವರೆ ಮೀಟರ್ ದೂರದಲ್ಲಿರುವ ಮಗುವಿನ ಚಿತ್ರ ತೆಗೆದರೆ, ಕಣ್ಣಿಗೆ ಸ್ಪಷ್ಟವೆನಿಸುವ ಆಳ ಮುಂದೆ ಹಿಂದೆ ಎರಡೂ ಸೇರಿ ಐದು ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ನೀವು ಕಣ್ಣಿನ ಮೇಲೆ ಕರಾರುವಾಕ್ಕಾಗಿ ಫೋಕಸ್ ಮಾಡಿದಿರಿ ಎಂದೇ ಇಟ್ಟುಕೊಳ್ಳೋಣ. ಮಗು ನಿಮ್ಮತ್ತ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹೆಜ್ಜೆ ಹಾಕಿದರೆ, ಅಂದರೆ ಆರಾಮವಾಗಿ ನಡೆದರೂ ಸಾಕು, ಆ ಆಳದ ಮುಂದಿನ ಅಂಚನ್ನು ಸೆಕೆಂಡಿನ ನಲವತ್ತರಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ ದಾಟಿಬಿಡುತ್ತದೆ. ಕಣ್ಣು ಕಂಡದ್ದಕ್ಕೆ ಬೆರಳು ಪ್ರತಿಕ್ರಿಯಿಸಲು ಮನುಷ್ಯರಿಗೆ ಸುಮಾರು ಸೆಕೆಂಡಿನ ಐದರಲ್ಲೊಂದು ಪಾಲು ಬೇಕು. ಅಷ್ಟರಲ್ಲಿ ಮಗು ಇಪ್ಪತ್ತು ಸೆಂಟಿಮೀಟರ್ ಮುಂದೆ ಬಂದಿರುತ್ತದೆ. ಸ್ಟುಡಿಯೊದಲ್ಲಿ ವರ್ಷಗಟ್ಟಲೆ ಮಕ್ಕಳ ಚಿತ್ರ ತೆಗೆದ ನನ್ನ ಬೆರಳುಗಳೂ ಇದಕ್ಕಿಂತ ಚುರುಕಾಗಿಲ್ಲ. ಓಲೆ ಸ್ಪಷ್ಟವಾಗಿ ಕಣ್ಣು ಮಸುಕಾಗುವುದಕ್ಕೂ ಇದೇ ಕಾರಣ: ನೀವು ಹಿಡಿದ ಫೋಕಸ್ ಸರಿಯಾಗಿಯೇ ಇತ್ತು, ಮಗು ಮಾತ್ರ ಅಷ್ಟರಲ್ಲಿ ಆರೇಳು ಸೆಂಟಿಮೀಟರ್ ಮುಂದಕ್ಕೆ ಬಾಗಿತ್ತು.

ಪೀಕಿಂಗಿನ ಕೆಂಪು ಗೆರೆಗಳನ್ನು ಪೂರ್ತಿ ನಂಬುವವರು ಮೋಸಹೋಗುತ್ತಾರೆ. ಕ್ಯಾಮೆರಾ ಅಲ್ಲಿ ಅಳೆಯುವುದು ಸ್ಪಷ್ಟತೆಯನ್ನಲ್ಲ. ಬೆಳಕು ಕತ್ತಲೆಗಳ ನಡುವಿನ ಅಂಚು ಎಷ್ಟು ಗಾಢವಾಗಿದೆ ಎಂಬುದನ್ನು. ಹೊಳೆಯುವ ಓಲೆ, ಲಂಗದ ಜರಿ ಅಂಚು, ಹಣೆಯ ಮೇಲಿನ ಕೂದಲು ಕೊಂಚ ಫೋಕಸಿನ ಹೊರಗಿದ್ದರೂ ಕೆಂಪಾಗುತ್ತವೆ, ಮೃದುವಾದ ಎಳೆಯ ಚರ್ಮ ಸರಿಯಾದ ಫೋಕಸಿನಲ್ಲಿದ್ದರೂ ಕೆಂಪಾಗುವುದಿಲ್ಲ. ಹೀಲಿಯೊಸಿನಂಥ ಹಳೆಯ ಲೆನ್ಸನ್ನು ಪೂರ್ತಿ ತೆರೆದಾಗ ಚಿತ್ರದ ಮೇಲೆ ಸಣ್ಣದೊಂದು ಮಬ್ಬು ಹರಡಿಕೊಳ್ಳುವುದರಿಂದ ಈ ಗೊಂದಲ ಇನ್ನೂ ಹೆಚ್ಚು. ಮಗು ಕುಳಿತಿದ್ದರೆ ಪೀಕಿಂಗನ್ನು ನಿಲ್ಲಿಸಿ, ಪರದೆಯನ್ನು ಹಿಗ್ಗಿಸಿ ನೋಡುವ ಸೌಲಭ್ಯವನ್ನು ಬಳಸಿರಿ. ಆಗ ನಿಮಗೆ ದೊಡ್ಡ ಸಹಾಯ ಮಾಡುವುದು ಕೆನ್ನೆಯ ಮೇಲಿನ ದೃಷ್ಟಿಬೊಟ್ಟು. ಕರಿಬೊಟ್ಟಿನ ಅಂಚಿನಷ್ಟು ಸುಲಭವಾಗಿ ಫೋಕಸ್ ಸಿಗುವ ಜಾಗ ಮಗುವಿನ ಮುಖದಲ್ಲಿ ಬೇರೊಂದಿಲ್ಲ. ಮಗು ನೇರ ನೋಡುತ್ತಿದ್ದರೆ ಅದು ಕಣ್ಣಿಗಿಂತ ಬೆರಳಗಲ ಮುಂದಿರುತ್ತದೆ, ಆದ್ದರಿಂದ ಬೊಟ್ಟಿನ ಮೇಲೆ ಫೋಕಸ್ ಹಿಡಿದು ನೀವು ಕೂದಲೆಳೆಯಷ್ಟು ಮುಂದಕ್ಕೆ ವಾಲಿದರೆ ಸಾಕು. (ಕಣ್ಣಿಗೆ ಕಾಡಿಗೆ ಹಚ್ಚಿದರೂ ಈ ಅನುಕೂಲ ಸಿಗುತ್ತದೆಯಾದರೂ, ಮಕ್ಕಳ ವೈದ್ಯರು ಅದು ಬೇಡವೆನ್ನುತ್ತಾರೆ, ಚಿತ್ರಕ್ಕಾಗಿ ಹಚ್ಚಬೇಡಿ.)

ಇನ್ನು ಮಾವನವರ ಚಿತ್ರಗಳ ಮಾತು. ಆ ಕಾಲದವರ ಕೈ ಬೇರೆ, ಆ ಕಾಲದ ಲೆನ್ಸ್ ಬೇರೆ ಎಂಬ ಮಾತನ್ನು ನಾನೂ ಬಹಳ ಕೇಳಿದ್ದೇನೆ. ಲೆನ್ಸ್ ಅದೇ, ನಿಮ್ಮ ಬಳಿಯೇ ಇದೆ. ಆಲ್ಬಮ್ ತೆಗೆದು ನೋಡಿರಿ: ಬಹುತೇಕ ಚಿತ್ರಗಳು ಅಂಗಳದಲ್ಲಿ, ಹಗಲು ಬಿಸಿಲಿನಲ್ಲಿ, "ಅಲ್ಲೇ ನಿಂತ್ಕೊ, ಅಲ್ಲಾಡಬೇಡ" ಎಂದು ನಿಲ್ಲಿಸಿ ತೆಗೆದವುಗಳಾಗಿರುತ್ತವೆ. ಬಿಸಿಲಿನಲ್ಲಿ ಅಪರ್ಚರ್ ಎಫ್/8 ಅಥವಾ ಎಫ್/11ರಲ್ಲಿ ಇದ್ದೀತು. ಮೂರು ಮೀಟರ್ ದೂರಕ್ಕೆ ಎಫ್/8ರಲ್ಲಿ ಫಿಲ್ಮಿನ ಮೇಲೆ ಸಿಗುವ ಸ್ಪಷ್ಟತೆಯ ಆಳ ಒಂದೂಕಾಲು ಮೀಟರಿಗೂ ಹೆಚ್ಚು. ಆ ಆಳದೊಳಗೆ ಮಗು ನಾಲ್ಕು ಹೆಜ್ಜೆ ಓಡಾಡಿದರೂ ಚಿತ್ರ ಕೆಡುವುದಿಲ್ಲ. ಮೇಲಾಗಿ ಅವರು ನೋಡಿದ್ದು ಅಂಗೈಯಗಲದ ಪ್ರಿಂಟನ್ನು. ನೀವು 24 ಮೆಗಾಪಿಕ್ಸೆಲ್ ಚಿತ್ರವನ್ನು ಕಂಪ್ಯೂಟರಿನಲ್ಲಿ ನೂರು ಶೇಕಡಾಕ್ಕೆ ಹಿಗ್ಗಿಸಿದಾಗ, ಸಾಧಾರಣ ಮಾನಿಟರಿನ ಲೆಕ್ಕದಲ್ಲಿ, ಐದು ಅಡಿ ಅಗಲದ ಪ್ರಿಂಟಿಗೆ ಮೂಗು ಹಚ್ಚಿ ನೋಡಿದಂತೆ. ನೀವು ಅಳಿಸಿಹಾಕಿದ ತೊಂಬತ್ತೈದರಲ್ಲಿ ಕನಿಷ್ಠ ಹದಿನೈದಾದರೂ ಅಂಗೈಯಗಲದ ಪ್ರಿಂಟಿನಲ್ಲಿ ಚೆನ್ನಾಗಿಯೇ ಇರುತ್ತಿದ್ದವು ಎಂಬುದು ನನ್ನ ಅಂದಾಜು.

ಹಾಗಾದರೆ ಏನು ಮಾಡಬೇಕು? ಹಳೆಯ ಲೆನ್ಸ್ ಹಿಡಿದು ಮಗುವನ್ನು ಬೆನ್ನಟ್ಟುವುದನ್ನು ಬಿಟ್ಟು, ಒಂದು ಜಾಗಕ್ಕೆ ಫೋಕಸ್ ಕಟ್ಟಿ ಮಗು ಅಲ್ಲಿಗೆ ಬರುವುದನ್ನು ಕಾಯಬೇಕು. ಹೀಲಿಯೊಸಿನ ಫೋಕಸ್ ಉಂಗುರಕ್ಕೆ ತಿರುಗುವ ದೂರ ಬಹಳ. ಅರ್ಧ ಮೀಟರಿನಿಂದ ಅನಂತದವರೆಗೆ ಹೋಗಲು ಬೆರಳನ್ನು ಒಮ್ಮೆ ಬಿಟ್ಟು ಮತ್ತೆ ಹಿಡಿಯಬೇಕು. ಇದು ಕರಾರುವಾಕ್ಕಾದ ಕೆಲಸಕ್ಕೆ ವರ, ಓಡುವ ಮಗುವಿಗೆ ಶಾಪ. ಅದರ ಮೇಲೆ ನಲವತ್ತು ವರ್ಷಗಳ ಗ್ರೀಸ್ ಒಳಗೆ ಒಣಗಿದ್ದರೆ ಉಂಗುರ ಇನ್ನಷ್ಟು ಬಿಗಿಯಾಗಿರುತ್ತದೆ. ಆದ್ದರಿಂದ ಚಿತ್ರ ತೆಗೆಯುವ ಹೊತ್ತಿನಲ್ಲಿ ಉಂಗುರವನ್ನು ಮುಟ್ಟಲೇಬೇಡಿ.

ಮಲೆನಾಡಿನ ಮನೆಯಲ್ಲಿ ಇದಕ್ಕೆ ತಕ್ಕ ಜಾಗಗಳು ಎಷ್ಟೋ ಇವೆ. ಹೊಸ್ತಿಲನ್ನೇ ತೆಗೆದುಕೊಳ್ಳಿ. ಎರಡು ವರ್ಷದ ಮಗು ಎಷ್ಟೇ ಜೋರಾಗಿ ಓಡಿ ಬಂದರೂ ಹೊಸ್ತಿಲ ಬಳಿ ಒಂದು ಕ್ಷಣ ತಡೆದು, ಬಾಗಿಲ ಚೌಕಟ್ಟನ್ನು ಹಿಡಿದು, ಕಾಲೆತ್ತಿ ದಾಟುತ್ತದೆ. ಆ ಕ್ಷಣದಲ್ಲಿ ಮುಖ ಎಲ್ಲಿರುತ್ತದೆ ಎಂಬುದು ನಿಮಗೆ ಮೊದಲೇ ಗೊತ್ತು, ಹೊರಗಿನ ಬೆಳಕೂ ಮುಖಕ್ಕೆ ಬೀಳುತ್ತದೆ. ಮಗು ಒಳಗಿನಿಂದ ಹೊರಗೆ ಬರುವಾಗ ನೀವು ಜಗಲಿಯಲ್ಲಿ ಕುಳಿತು, ಚೌಕಟ್ಟಿನ ಮರದ ಮೇಲೆ ಫೋಕಸ್ ಹಿಡಿದು ಕಾಯಿರಿ. ಜೋಕಾಲಿ ಇದಕ್ಕಿಂತಲೂ ಒಳ್ಳೆಯದು. ಜೀಕುವ ಜೋಕಾಲಿ ಎರಡೂ ತುದಿಗಳಲ್ಲಿ ಅರೆಕ್ಷಣ ನಿಂತೇ ಹಿಂದಿರುಗುತ್ತದೆ, ಮಧ್ಯದಲ್ಲಿ ಅದರ ವೇಗ ಅತ್ಯಂತ ಹೆಚ್ಚು. ಮುಂದಿನ ತುದಿಗೆ ಬಂದಾಗ ಮಗುವಿನ ಮುಖ ತಲುಪುವ ಜಾಗಕ್ಕೆ ಯಾರಾದರೂ ಕೈ ಹಿಡಿದು ತೋರಿಸಲಿ, ಆ ಕೈಗೆ ಫೋಕಸ್ ಮಾಡಿಕೊಳ್ಳಿ, ಪ್ರತಿ ಸಲ ಅದೇ ತುದಿಯಲ್ಲಿ ಶಟರ್ ಒತ್ತಿರಿ. ಪಕ್ಕಕ್ಕೆ ನಿಂತು ತೆಗೆದರೆ ದೂರವೇ ಬದಲಾಗುವುದಿಲ್ಲವಾದ್ದರಿಂದ ಇನ್ನೂ ಸುಲಭ.

ಮಗು ಒಂದೆಡೆ ಕುಳಿತು ಆಡುತ್ತಾ ಹಿಂದೆ ಮುಂದೆ ತೂಗುತ್ತಿದ್ದರೆ ನೀವೂ ತೂಗಬೇಕು. ಉಂಗುರವನ್ನು ಒಂದೆಡೆ ನಿಲ್ಲಿಸಿ, ಮಗುವಿನ ಕಣ್ಣಿನ ಎತ್ತರಕ್ಕೆ ನೆಲದಲ್ಲಿ ಕುಳಿತು, ಸೊಂಟದಿಂದ ಮೇಲಿನ ಮೈಯನ್ನು ಎರಡು ಮೂರು ಸೆಂಟಿಮೀಟರ್ ಮುಂದಕ್ಕೂ ಹಿಂದಕ್ಕೂ ವಾಲಿಸುತ್ತಾ ಮೂರು ನಾಲ್ಕು ಚಿತ್ರಗಳನ್ನು ಒಟ್ಟಿಗೆ ತೆಗೆದರೆ ಅವುಗಳಲ್ಲಿ ಒಂದರಲ್ಲಾದರೂ ಕಣ್ಣು ಕೂರುತ್ತದೆ. ಲೆನ್ಸಿನ ಮೇಲೆ ಒಂದೂವರೆ ಮೀಟರಿನ ಗುರುತಿರುವ ಕಡೆ ಸಣ್ಣದೊಂದು ಚುಕ್ಕೆ ಉಗುರುಬಣ್ಣ ಹಚ್ಚಿಟ್ಟುಕೊಳ್ಳುವುದು ನಮ್ಮ ಕಸುಬಿನ ಹಳೆಯ ಉಪಾಯ. ಆದರೆ ಅಡಾಪ್ಟರಿನ ದಪ್ಪ ಸ್ವಲ್ಪ ಹೆಚ್ಚು ಕಡಿಮೆಯಾಗಿದ್ದರೂ ಲೆನ್ಸಿನ ಮೇಲಿನ ಅಂಕಿಗಳು ಸುಳ್ಳು ಹೇಳುತ್ತವೆ. ಅಗ್ಗದ ಅಡಾಪ್ಟರುಗಳಲ್ಲಿ ಇದು ಸಾಮಾನ್ಯ. ಆದ್ದರಿಂದ ಟೇಪು ಹಿಡಿದು, ಕ್ಯಾಮೆರಾದ ಸೆನ್ಸರ್ ಇರುವ ಜಾಗದಿಂದ ಒಂದೂವರೆ ಮೀಟರ್ ಅಳೆದು, ಅಲ್ಲೊಂದು ಪುಸ್ತಕವಿಟ್ಟು ಫೋಕಸ್ ಮಾಡಿದ ಮೇಲೆಯೇ ಚುಕ್ಕೆ ಇಡಿ.

ಅಪರ್ಚರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಅನೇಕರಿಗೆ ರುಚಿಸುವುದಿಲ್ಲ. ಹೀಲಿಯೊಸನ್ನು ಜನ ಹುಡುಕಿಕೊಂಡು ಕೊಳ್ಳುವುದೇ ಹಿನ್ನೆಲೆಯ ಎಲೆಗಳೆಲ್ಲ ಸುಳಿಯಂತೆ ಸುತ್ತಿಕೊಳ್ಳುವ ಆ ಚಂದಕ್ಕಾಗಿ. ಜರ್ಮನಿಯ ಯೇನಾ ಊರಿನ ಕಾರ್ಲ್ ಝೈಸ್ ಕಾರ್ಖಾನೆಯ ಬಯೊಟಾರ್ ಲೆನ್ಸಿನ ವಿನ್ಯಾಸವನ್ನು ಅನುಸರಿಸಿ ಸೋವಿಯತ್ ಕಾರ್ಖಾನೆಗಳು ಇದನ್ನು ಮಾಡಿದವು, ಆ ಸುಳಿ ಅದರ ವಂಶಗುಣ. ಚಿತ್ರದ ಅಂಚುಗಳಲ್ಲಿ ಬೆಳಕಿನ ಬಿಂದುಗಳು ಲೆನ್ಸಿನ ಕೊಳವೆಗೆ ಅಡ್ಡವಾಗಿ ಬೆಕ್ಕಿನ ಕಣ್ಣಿನಂತೆ ಕತ್ತರಿಸಿಕೊಳ್ಳುವುದರಿಂದಲೂ, ಅಂಚಿನ ಬೆಳಕನ್ನು ಲೆನ್ಸ್ ಮಧ್ಯದಷ್ಟು ನಿಷ್ಠೆಯಿಂದ ಕೂಡಿಸಲಾರದ್ದರಿಂದಲೂ ಅದು ಉಂಟಾಗುತ್ತದೆ. ನಿಮ್ಮ ಎಪಿಎಸ್-ಸಿ ಸೆನ್ಸರ್ ಆ ಅಂಚನ್ನೇ ಕತ್ತರಿಸಿ ಬಿಸಾಡುತ್ತದೆ! ಅಂದರೆ ಎಫ್/2ರ ಕಷ್ಟವನ್ನೆಲ್ಲ ಅನುಭವಿಸಿ ಅದರ ಫಲದಲ್ಲಿ ಅರ್ಧವನ್ನೂ ಪಡೆಯದ ಸ್ಥಿತಿ ನಿಮ್ಮದು. ಎಫ್/4ಕ್ಕೆ ಬನ್ನಿ. ಅದೇ ಒಂದೂವರೆ ಮೀಟರಿನಲ್ಲಿ ಸ್ಪಷ್ಟತೆಯ ಆಳ ಹತ್ತು ಸೆಂಟಿಮೀಟರ್ ದಾಟುತ್ತದೆ. ಎರಡೂವರೆ ಮೀಟರ್ ಹಿಂದೆ ಸರಿದು ಮಗುವನ್ನು ಅಡಿಯಿಂದ ಮುಡಿಯವರೆಗೆ ತೆಗೆದರೆ ಸುಮಾರು ಮೂವತ್ತು ಸೆಂಟಿಮೀಟರ್ ಸಿಗುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಐಎಸ್ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ; ಹೆಚ್ಚಿದಷ್ಟೂ ಚಿತ್ರ ಕಾಳು ಕಾಳಾಗುತ್ತದೆ) 400 ಇದ್ದದ್ದು 1600 ಆಗುವುದು, ಅಷ್ಟೆ. ಶಟರಿನ ವೇಗವನ್ನು ಕುಳಿತ ಮಗುವಿಗೆ ಸೆಕೆಂಡಿನ 1/250ಕ್ಕಿಂತ, ಓಡುವ ಮಗುವಿಗೆ 1/500ಕ್ಕಿಂತ ಕೆಳಗೆ ಇಳಿಸಬೇಡಿ. ಕಾಳು ಕಾಳಾಗಿ ಕಾಣುವ ಚಿತ್ರವನ್ನು ಕಂಪ್ಯೂಟರಿನಲ್ಲಿ ತಿದ್ದಬಹುದು, ಫೋಕಸ್ ತಪ್ಪಿದ ಚಿತ್ರವನ್ನು ತಿದ್ದುವ ದಾರಿ ಇಲ್ಲ. ಕ್ಯಾಮೆರಾದಲ್ಲಿ ಕಂಪನ ತಡೆಯುವ ಸೌಲಭ್ಯವಿದ್ದರೆ ಅದಕ್ಕೆ 58 ಎಂಬ ಅಂಕಿಯನ್ನು ನೀವೇ ತಿಳಿಸಬೇಕು. ಹಳೆಯ ಲೆನ್ಸ್ ತಾನಾಗಿ ಹೇಳಲಾರದು.

ಈಗ ನಿಮ್ಮ ತಮ್ಮನವರ ಮಾತಿಗೆ ಬರುತ್ತೇನೆ. ಹೀಲಿಯೊಸ್ 44-2ರಲ್ಲಿ ವಿಕಿರಣದ ಗಾಜು ಇಲ್ಲ. ಸೂಪರ್ ಟಕುಮಾರ್ 50 ಎಫ್/1.4ರಲ್ಲಿ, ಮೊದಮೊದಲ ಎಂಟು ಗಾಜುಗಳ ಮಾದರಿಯನ್ನು ಬಿಟ್ಟರೆ, ಇದೆ. ನಿಮ್ಮದು ಹಳದಿಗಟ್ಟಿರುವುದೇ ಅದಕ್ಕೆ ಗುರುತು. ಬೆಳಕನ್ನು ಹೆಚ್ಚು ಬಗ್ಗಿಸಬೇಕು, ಆದರೆ ಬಣ್ಣಗಳಾಗಿ ಒಡೆಯಬಾರದು ಎಂಬ ಎರಡು ಗುಣಗಳು ಒಟ್ಟಿಗೆ ಬೇಕಾದಾಗ ಕೆಲವು ಲೆನ್ಸ್ ಕಾರ್ಖಾನೆಗಳು 1970ರ ದಶಕದವರೆಗೂ ಗಾಜಿಗೆ ಥೋರಿಯಂ ಆಕ್ಸೈಡ್ ಬೆರೆಸುತ್ತಿದ್ದವು. ಥೋರಿಯಂ ಎಂದರೆ ಬೆಚ್ಚಬೇಕಾಗಿಲ್ಲ. ನಿಮ್ಮ ಅಜ್ಜಿಯ ಮನೆಯ ಮದುವೆ ಚಪ್ಪರದಲ್ಲಿ ಉರಿದ ಪೆಟ್ರೊಮ್ಯಾಕ್ಸ್ ದೀಪದ ಬಿಳಿಯ ಬತ್ತಿಯಲ್ಲೂ, ಕೇರಳದ ಕಡಲತೀರದ ಮೊನಜೈಟ್ ಮರಳಿನಲ್ಲೂ ಇರುವುದು ಅದೇ. ಅದು ಮುಖ್ಯವಾಗಿ ಸೂಸುವ ಆಲ್ಫಾ ಕಣಗಳು ಗಾಜಿನ ಒಳಗೆ, ತಪ್ಪಿದರೆ ಕೆಲವೇ ಸೆಂಟಿಮೀಟರ್ ಗಾಳಿಯಲ್ಲಿ ನಿಂತುಬಿಡುತ್ತವೆ. ಬೀಟಾ ಮತ್ತು ಗಾಮಾ ಕಿರಣಗಳು ಕೊಂಚ ಹೊರಬರುತ್ತವೆ, ದೂರ ಹೆಚ್ಚಿದಂತೆ ಅವೂ ಬೇಗನೆ ಕ್ಷೀಣಿಸುತ್ತವೆ. ನೀವು ಆ ಲೆನ್ಸಿನಿಂದ ಮಗುವಿನ ಚಿತ್ರ ತೆಗೆಯುವುದರಿಂದ ಮಗುವಿಗೆ ಎಣಿಸಬೇಕಾದಷ್ಟು ಹಾನಿ ಇಲ್ಲ.

ಇಲ್ಲಿ ಎಚ್ಚರ ಬೇಕಾದದ್ದು ಬೇರೆ ಎರಡು ಕಡೆ. ಆ ಲೆನ್ಸನ್ನು ಮಗುವಿನ ಆಟಿಕೆಯಾಗಿ ಕೊಡಬಾರದು, ಮಗು ಮಲಗುವ ಮಂಚದ ತಲೆದೆಸೆಯಲ್ಲಿ ಇಡಬಾರದು. ಕಪಾಟಿನ ಮೇಲಿನ ಹಲಗೆ ಸಾಕು. ಕೈಜಾರಿ ಬಿದ್ದು ಗಾಜು ಒಡೆದರೆ ಮಗುವನ್ನು ಬೇರೆ ಕೋಣೆಗೆ ಕಳಿಸಿ, ಒದ್ದೆ ಬಟ್ಟೆಯಿಂದ ಚೂರುಗಳನ್ನು ಒತ್ತಿ ತೆಗೆಯಿರಿ, ಪೊರಕೆಯಿಂದ ಗುಡಿಸಿ ಪುಡಿ ಎಬ್ಬಿಸಬೇಡಿ. ಥೋರಿಯಂ ಹೊರಗಿದ್ದಾಗ ಸಾಧು, ಉಸಿರಿನೊಡನೆಯೋ ಬಾಯಿಯ ಮೂಲಕವೋ ಒಳಸೇರಿದರೆ ಅಲ್ಲ. ಹಳದಿ ಬಣ್ಣ ಹೋಗಿಸಲು ಜನ ಲೆನ್ಸನ್ನು ಬಿಸಿಲಿಗೆ ಇಡುತ್ತಾರೆ. ನೇರಳಾತೀತ ಬೆಳಕು ಆ ಬಣ್ಣವನ್ನು ನಿಜವಾಗಿಯೂ ಕಡಿಮೆ ಮಾಡುತ್ತದೆ. ಆದರೆ ಬಿಸಿಲಿಗಿಟ್ಟ ಲೆನ್ಸ್ ಭೂತಗನ್ನಡಿಯಂತೆ ಪರದೆಗೋ ಚಾಪೆಗೋ ಬೆಂಕಿ ಹಚ್ಚಬಲ್ಲದು. ನನ್ನ ಪರಿಚಯದವರ ಮೇಜಿನ ಮೇಲೆ ಹಾಗೆ ಸುಟ್ಟ ಗುಂಡನೆಯ ಕಲೆ ಇಂದಿಗೂ ಇದೆ. ನೇರಳಾತೀತ ಎಲ್ಇಡಿ ದೀಪದ ಕೆಳಗೆ, ಮುಚ್ಚಿದ ಪೆಟ್ಟಿಗೆಯಲ್ಲಿ, ಕೆಲವು ದಿನ ಇಡುವುದು ಸುರಕ್ಷಿತ.

ಹಳೆಯ ಕ್ಯಾಮೆರಾಗಳಿರುವ ಮನೆಯಲ್ಲಿ ನನ್ನನ್ನು ನಿಜವಾಗಿ ಹೆದರಿಸುವುದು ಥೋರಿಯಂ ಅಲ್ಲ, ಗುಂಡಿಯಂಥ ಸಣ್ಣ ಬ್ಯಾಟರಿ. ಎಲ್ಆರ್44 ಬಗೆಯ ಸೆಲ್ಲುಗಳು ಅನೇಕ ಹಳೆಯ ಕ್ಯಾಮೆರಾಗಳಲ್ಲೂ ಬೆಳಕು ಅಳೆಯುವ ಮೀಟರುಗಳಲ್ಲೂ ಇರುತ್ತವೆ, ಅವುಗಳ ಮುಚ್ಚಳವನ್ನು ಒಂದು ನಾಣ್ಯದಿಂದ ಬಿಚ್ಚಬಹುದು. ಮಗು ಅಂಥದ್ದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಒಳಗೆ ಸುಟ್ಟ ಗಾಯವಾಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಲೆನ್ಸಿನ ಜೊತೆ ಇಡುವ ಸಿಲಿಕಾ ಜೆಲ್ ಪೊಟ್ಟಣವೂ ಮಗುವಿನ ಕೈಗೆ ಎಟುಕಬಾರದು.

ಹೀಲಿಯೊಸಿನೊಳಗಿನ ಎಳೆಗಳು ಬೂಸ್ಟು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನಿಮ್ಮ ಊರಿನ ಮಳೆಗಾಲ ಕಂಡವರಿಗೆ ಇದು ಆಶ್ಚರ್ಯವೂ ಅಲ್ಲ. ಲೆನ್ಸಿನೊಳಗಿನ ಬೂಸ್ಟು ಎದುರಿಗೆ ನಿಂತ ಮಗುವಿಗೆ ಏನೂ ಮಾಡುವುದಿಲ್ಲ. ಪಕ್ಕದ ಲೆನ್ಸಿಗೆ ಸಾಂಕ್ರಾಮಿಕದಂತೆ ಹಾರುತ್ತದೆ ಎಂಬುದೂ ಅರ್ಧ ಸತ್ಯ: ಅದರ ಬೀಜಕಣಗಳು ಗಾಳಿಯಲ್ಲಿ ಹೇಗೂ ಇರುತ್ತವೆ, ಮೊಳೆಯಲು ತೇವ ಬೇಕು. ಎರಡು ಲೆನ್ಸುಗಳನ್ನೂ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ತೇವಾಂಶ ಶೇಕಡಾ 40ರಿಂದ 50ರ ನಡುವೆ ಇರುವಂತೆ ನೋಡಿಕೊಂಡರೆ ಬೂಸ್ಟು ಮುಂದುವರಿಯುವುದಿಲ್ಲ. ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ, ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಕತ್ತಲ ಕೋಣೆಯಲ್ಲಿ ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಎಳೆಗಳು ಅಂಚಿನಲ್ಲಿ ಮಾತ್ರ ಇದ್ದರೆ ಚಿತ್ರದಲ್ಲಿ ವ್ಯತ್ಯಾಸ ಕಾಣದು, ಹಾಗೆಯೇ ಬಳಸಿ. ಮಧ್ಯಭಾಗವೆಲ್ಲ ಮಂಜು ಕವಿದಂತಿದ್ದರೆ ರಿಪೇರಿಯವರ ಬಳಿ ಬಿಚ್ಚಿಸಿ, ಶುಚಿಮಾಡಿಸಿ, ಗ್ರೀಸನ್ನೂ ಬದಲಿಸಿ ಕೊಡಲು ಹೇಳಿ. ಬೂಸ್ಟು ಗಾಜಿನ ಮೇಲ್ಪದರವನ್ನು ತಿಂದಿದ್ದರೆ ಶುಚಿಮಾಡಿದ ಮೇಲೂ ಗುರುತು ಉಳಿಯುತ್ತದೆ ಎಂಬುದನ್ನೂ, ರಿಪೇರಿಯ ಖರ್ಚು ಹೀಲಿಯೊಸಿನ ಮಾರುಕಟ್ಟೆಯ ಬೆಲೆಯನ್ನೇ ಮೀರಬಹುದು ಎಂಬುದನ್ನೂ ಮೊದಲೇ ತಿಳಿದಿರಿ. ಮಾವನವರ ಲೆನ್ಸ್ ಎಂಬ ಕಾರಣಕ್ಕೆ ಆ ಖರ್ಚು ನಿಮಗೆ ಒಪ್ಪಿಗೆಯಾದೀತು, ಅಪರಿಚಿತರಿಂದ ಕೊಂಡ ಲೆನ್ಸಿಗಾದರೆ ನಾನು ಬೇಡವೆನ್ನುತ್ತೇನೆ.

ಮಾರಬೇಕೆ ಎಂಬುದಕ್ಕೆ ನನ್ನ ಉತ್ತರ: ಹೀಲಿಯೊಸನ್ನು ಇಟ್ಟುಕೊಳ್ಳಿ, ಟಕುಮಾರನ್ನು ಮನಸ್ಸಿಗೆ ಕಿರಿಕಿರಿಯಾಗುವುದಾದರೆ ಮಾರಿ. ಅಪಾಯವಿಲ್ಲದಿದ್ದರೂ ಪ್ರತಿಸಲ ಅಳುಕಿನಿಂದ ಕೈಗೆತ್ತಿಕೊಳ್ಳುವ ಲೆನ್ಸಿನಿಂದ ಒಳ್ಳೆಯ ಚಿತ್ರ ಬರುವುದಿಲ್ಲ. ಮೇಲಾಗಿ 58 ಮತ್ತು 50 ಮಿ.ಮೀ.ಗಳು ನಿಮಗೆ ಹೆಚ್ಚುಕಡಿಮೆ ಒಂದೇ ಕೆಲಸ ಮಾಡುತ್ತವೆ. ಆ ಹಣದಲ್ಲಿ ಹಳೆಯ ಲೆನ್ಸೇ ಬೇಕೆಂದಾದರೆ 28 ಮಿ.ಮೀ. ಒಂದನ್ನು ನೋಡಿ. ನಿಮ್ಮ ಕ್ಯಾಮೆರಾದಲ್ಲಿ ಅದನ್ನು ಎಫ್/8ಕ್ಕಿಟ್ಟು ಎರಡು ಮೀಟರಿಗೆ ಫೋಕಸ್ ನಿಲ್ಲಿಸಿದರೆ ಸುಮಾರು 1.4 ಮೀಟರಿನಿಂದ 3.4 ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಅಂಗಳದಲ್ಲಿ ಮಗು ಕೋಳಿಯ ಹಿಂದೆ ಎಷ್ಟು ಬೇಕಾದರೂ ಓಡಲಿ, ನೀವು ಶಟರ್ ಒತ್ತುತ್ತಾ ಹೋದರಾಯಿತು. ಹಿನ್ನೆಲೆ ಮಸುಕಾಗುವ ಚಂದ ಅದರಲ್ಲಿ ಸಿಗದು, ಮಳೆಗಾಲದ ಮಬ್ಬಿನಲ್ಲಿ ಮನೆಯೊಳಗೆ ಎಫ್/8 ಕೆಲಸಕ್ಕೂ ಬಾರದು. ಆಟೊಫೋಕಸ್ ಲೆನ್ಸ್ ಕೊಂಡರೆ ಕ್ಯಾಮೆರಾ ತಾನೇ ಕಣ್ಣನ್ನು ಹುಡುಕುತ್ತದೆ, ನೂರರಲ್ಲಿ ಹೆಚ್ಚಿನವು ಸರಿಯಾಗಿ ಬರುತ್ತವೆ. ಮಕ್ಕಳ ಚಿತ್ರಕ್ಕೆ ಹಳೆಯ ಲೆನ್ಸೇ ಶ್ರೇಷ್ಠವೆಂದು ನಾನು ವಾದಿಸುವವನಲ್ಲ. ದುಡ್ಡು ಪಡೆದು ತೆಗೆಯುವ ಚಿತ್ರಗಳನ್ನು ನಾನೂ ಆಟೊಫೋಕಸಿನಲ್ಲೇ ತೆಗೆಯುತ್ತೇನೆ.

ಅಕ್ಷರಾಭ್ಯಾಸದ ದಿನ ಮಾತ್ರ ಹೀಲಿಯೊಸಿನಿಂದ ಶುರುಮಾಡಬೇಡಿ. ಕ್ಯಾಮೆರಾದ ಜೊತೆ ಬಂದ ಸಾಧಾರಣ ಆಟೊಫೋಕಸ್ ಲೆನ್ಸಿನಿಂದಲೇ ಮೊದಲ ಚಿತ್ರಗಳನ್ನು ತೆಗೆದು ಮುಗಿಸಿ. ಮೊದಲ ಅಕ್ಷರ ಬರೆಯುವ ಕ್ಷಣ ಎರಡನೆಯ ಸಲ ಬರುವುದಿಲ್ಲ. ಮನೆಯ ಹಿರಿಯರು ಒಪ್ಪಿದರೆ ಅಕ್ಕಿಯ ತಟ್ಟೆಯನ್ನು ಕಿಟಕಿಯ ಪಕ್ಕಕ್ಕೆ ಇಡಿಸಿ, ಫ್ಲ್ಯಾಶ್ ಬೇಕಾಗುವುದಿಲ್ಲ. ಅಜ್ಜನ ತೊಡೆಯ ಮೇಲೆ ಕುಳಿತು, ಬೆರಳನ್ನು ಅಕ್ಕಿಯಲ್ಲಿ ಊರಿದ ಮಗು ಒಂದೆರಡು ನಿಮಿಷವಾದರೂ ಅಲ್ಲೇ ಇರುತ್ತದೆ, ಅದರ ತಲೆ ತಟ್ಟೆಯತ್ತ ಬಾಗಿಯೇ ಇರುತ್ತದೆ. ಆಗ ಲೆನ್ಸ್ ಬದಲಿಸಿ. ಲೆನ್ಸಿಲ್ಲದಿದ್ದರೂ ಶಟರ್ ಬಿಡುವ ಆಯ್ಕೆಯನ್ನು ಕ್ಯಾಮೆರಾದ ಮೆನುವಿನಲ್ಲಿ ಹಿಂದಿನ ರಾತ್ರಿಯೇ ತೆರೆದಿಟ್ಟಿರಿ, ಇಲ್ಲವಾದರೆ ಹಳೆಯ ಲೆನ್ಸ್ ಹಾಕಿದೊಡನೆ ಕ್ಯಾಮೆರಾ ಮುಷ್ಕರ ಹೂಡೀತು. ಎಫ್/4, 1/250, ಎರಡು ಮೀಟರ್ ದೂರ. ಫೋಕಸನ್ನು ಮಗುವಿನ ರೆಪ್ಪೆಗೆ ಹಿಡಿಯಿರಿ, ಮಾವನವರ ಮುಖ ಹಿಂದೆ ಕೊಂಚ ಮಸುಕಾಗಿರಲಿ.